ಪಿಗ್ಮಿ, ಕ್ಯೂಆರ್ ಕೋಡ್ ಮತ್ತು ಒಂದು ಪಿಎಚ್‌ಡಿ: ಮ್ಯಾನೇಜ್‌ಮೆಂಟ್ ಸಂಶೋಧನೆಗೆ ಏನೆಲ್ಲ ಕಲಿಯಬೇಕು?

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಕಾಮರ್ಸ್ ಅಥವಾ ಎಂಬಿಎ ಪಾಠ ಮಾಡುವವರನ್ನು ಮಾತಾಡಿಸಿ ನೋಡಿ. ಹೆಚ್ಚಿನವರು ಒಂದೋ ಪಿಎಚ್‌ಡಿ ಮಾಡುತ್ತಿರುತ್ತಾರೆ, ಇಲ್ಲವೇ "ಈ ವರ್ಷವಾದರೂ ರಿಜಿಸ್ಟರ್ ಮಾಡಬೇಕು" ಅನ್ನುತ್ತಿರುತ್ತಾರೆ. ಅಸೋಸಿಯೇಟ್ ಪ್ರೊಫೆಸರ್ ಆಗಬೇಕಾದರೆ ಪಿಎಚ್‌ಡಿ ಬೇಕೇ ಬೇಕು. ಈಗ ಬ್ಯಾಂಕಿನವರು, ಐಟಿಯವರು, ಸ್ವಂತ ವ್ಯಾಪಾರ ಇರುವವರೂ ಇದರ ಬಗ್ಗೆ ವಿಚಾರಿಸುತ್ತಿದ್ದಾರೆ. ಫೋನ್ ತೆರೆದರೆ "ಮನೆಯಲ್ಲೇ ಕೂತು ಡಾಕ್ಟರೇಟ್" ಅನ್ನುವ ಜಾಹೀರಾತು ಬೇರೆ.

ಹತ್ತಿರದಲ್ಲೇ ಜಾಗಗಳಿಗೇನೂ ಕೊರತೆ ಇಲ್ಲ. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಮಣಿಪಾಲದಲ್ಲಿ ಮಾಹೆ ವಿಶ್ವವಿದ್ಯಾಲಯ ಉಂಟು. ಮಂಗಳೂರಿನ ಸುತ್ತ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳೂ ಉಂಟು. ಆದರೆ ಸೇರುವ ಮೊದಲು ಒಂದು ವಿಷಯವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಅಲ್ಲಿ ದಿನಾ ಮಾಡಬೇಕಾದ ಕೆಲಸ ಯಾವುದು? ಅದಕ್ಕೆ ಯಾವ ಕೌಶಲ ಬೇಕು? ಈ ಲೇಖನ ಅದರ ಬಗ್ಗೆ. ಅರ್ಥವಾಗಲಿ ಅಂತ ನಮ್ಮ ಊರಿನದ್ದೇ ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ: ಪಿಗ್ಮಿ, ಅಂದರೆ ಏಜೆಂಟ್ ದಿನಾ ಬಂದು ಸಂಗ್ರಹಿಸುವ ಸಣ್ಣ ಉಳಿತಾಯ.

ಮೊದಲು ನಿಯಮ ಮುಗಿಸೋಣ

ಈಗ ಜಾರಿಯಲ್ಲಿರುವುದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಪಿಎಚ್‌ಡಿ ನಿಯಮ. ಸ್ನಾತಕೋತ್ತರ ಪದವಿಯಲ್ಲಿ 55% ಇರಬೇಕು, ಅಥವಾ ನಾಲ್ಕು ವರ್ಷದ ಪದವಿಯಲ್ಲಿ 75%. ಮೀಸಲಾತಿ ಇರುವವರಿಗೆ ಸ್ವಲ್ಪ ರಿಯಾಯಿತಿ ಉಂಟು. ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ಮರು ನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೂ 2 ವರ್ಷದ ಅವಕಾಶ ಇದೆ. ಕೆಲಸದಲ್ಲಿರುವವರು ಪಾರ್ಟ್ ಟೈಮ್ ಮಾಡಬಹುದು. ಆಗ ಕೆಲಸ ಕೊಟ್ಟವರಿಂದ ಆಕ್ಷೇಪಣೆ ಇಲ್ಲ ಅನ್ನುವ ಎನ್‌ಒಸಿ ತರಬೇಕು. ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಿಎಚ್‌ಡಿ ಮಾಡಲು ಈ ನಿಯಮದಲ್ಲಿ ಅವಕಾಶವೇ ಇಲ್ಲ.

2024ರಿಂದ ನೆಟ್ (ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕವನ್ನೂ ಪಿಎಚ್‌ಡಿ ಪ್ರವೇಶಕ್ಕೆ ಬಳಸುತ್ತಾರೆ. ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಸಿಗದವರಿಗೆ ನೆಟ್ ಅಂಕಕ್ಕೆ 70%, ಸಂದರ್ಶನಕ್ಕೆ 30% ತೂಕ. ಪ್ರವೇಶಕ್ಕೆ ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ತಮ್ಮದೇ ಪ್ರವೇಶ ಪರೀಕ್ಷೆ ನಡೆಸುವ ಕಡೆಗಳೂ ಇವೆ, ಹಾಗಾಗಿ ಆಯಾ ಸಂಸ್ಥೆಯ ಪ್ರಕಟಣೆ ನೋಡಿಯೇ ಹೊರಡಬೇಕು.

ಇನ್ನು ಡಿಬಿಎ (ಡಾಕ್ಟರ್ ಆಫ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್). ಇದು ಕೆಲಸದ ಅನುಭವ ಇರುವವರಿಗೆ ಅಂತ ಇರುವ ಡಾಕ್ಟರೇಟ್. ಪಿಎಚ್‌ಡಿಯಲ್ಲಿ ಒತ್ತು ಹೊಸ ತಿಳಿವಿನ ಮೇಲೆ. ಡಿಬಿಎಯಲ್ಲಿ ಒತ್ತು ಸಂಸ್ಥೆಯೊಂದರ ನಿಜವಾದ ಸಮಸ್ಯೆಯ ಮೇಲೆ. ಸಂಶೋಧನೆಯ ವಿಧಾನ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ಎಐಸಿಟಿಇ (ತಾಂತ್ರಿಕ ಶಿಕ್ಷಣ ಪರಿಷತ್ತು) 2022ರ ಅಕ್ಟೋಬರ್‌ನಲ್ಲೇ ಎಚ್ಚರಿಸಿವೆ. ದುಡ್ಡು ಕಟ್ಟುವ ಮೊದಲು, ಈ ಪದವಿ ನನಗೆ ಬೇಕಾದ ಕೆಲಸಕ್ಕೆ ನಡೆಯುತ್ತದಾ ಅಂತ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ವಿಷಯ ಬೇರೆ, ಪ್ರಶ್ನೆ ಬೇರೆ

ಎಂಬಿಎ ಪ್ರಾಜೆಕ್ಟ್ ಎಲ್ಲರಿಗೂ ಗೊತ್ತು. ಒಂದು ಕಂಪನಿಗೆ ಹೋಗಿ, ನೂರು ಜನರಿಂದ ಫಾರಂ ತುಂಬಿಸಿ, ಬಣ್ಣಬಣ್ಣದ ಪೈ ಚಾರ್ಟ್ ಹಾಕಿ, ಕೊನೆಗೆ "ಕಂಪನಿಯು ಜಾಹೀರಾತು ಹೆಚ್ಚಿಸಬೇಕು" ಅಂತ ಬರೆಯುವುದು. ಪಿಎಚ್‌ಡಿ ಅಂದರೆ ಅದನ್ನೇ ಐದು ಪಟ್ಟು ದೊಡ್ಡದು ಮಾಡುವುದು ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಪ್ರಾಜೆಕ್ಟಿನಲ್ಲಿ ಇರುವುದನ್ನು ವಿವರಿಸಿದರೆ ಸಾಕು. ಇಲ್ಲಿ ಈವರೆಗೆ ಯಾರೂ ಉತ್ತರ ಕೊಡದ ಒಂದು ಪ್ರಶ್ನೆಯನ್ನು ಹುಡುಕಬೇಕು. ಆ ಉತ್ತರ ಯಾಕೆ ಸರಿ ಅಂತ ಅಪರಿಚಿತ ಪರೀಕ್ಷಕರಿಗೆ ಒಪ್ಪಿಸಬೇಕು.

ಈಗ ನಮ್ಮ ಉದಾಹರಣೆಗೆ ಬರೋಣ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಗೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಇವತ್ತಿಗೂ ನಮ್ಮ ಸೊಸೈಟಿಗಳಲ್ಲಿ ಪಿಗ್ಮಿ ನಡೆಯುತ್ತಿದೆ. ಇನ್ನೊಂದು ಕಡೆ, 2016ರಲ್ಲಿ ಯುಪಿಐ ಬಂತು. ಈಗ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ.

"ಕರಾವಳಿ ಕರ್ನಾಟಕದಲ್ಲಿ ಡಿಜಿಟಲ್ ಪಾವತಿ ಮತ್ತು ಪಿಗ್ಮಿ ಉಳಿತಾಯ: ಒಂದು ಅಧ್ಯಯನ". ಇದು ವಿಷಯ, ಪ್ರಶ್ನೆ ಅಲ್ಲ. ಇದರ ಮೇಲೆ ನಾನೂರು ಪುಟ ಬರೆಯಬಹುದು, ಓದಿದವರಿಗೆ ಏನು ಗೊತ್ತಾಯಿತು ಅಂತ ಹೇಳಲಿಕ್ಕೆ ಆಗುವುದಿಲ್ಲ. ಸ್ವಲ್ಪ ಇಳಿಸಿ ನೋಡಿ: "ಗ್ರಾಹಕರು ಯುಪಿಐಯಲ್ಲಿ ಕೊಡುವ ಹಣ ಜಾಸ್ತಿಯಾದಷ್ಟೂ ಅಂಗಡಿಯವರು ಪಿಗ್ಮಿಗೆ ಕಟ್ಟುವ ಹಣ ಕಡಿಮೆಯಾಗುತ್ತದೆಯೇ?" ಈಗ ಪ್ರಶ್ನೆ ಆಯಿತು. ಯಾರನ್ನು ಕೇಳಬೇಕು, ಏನನ್ನು ಅಳೆಯಬೇಕು ಅಂತ ಇದರಲ್ಲೇ ಕಾಣುತ್ತದೆ. ಇನ್ನೂ ಮುಖ್ಯವಾದದ್ದು, ಉತ್ತರ "ಇಲ್ಲ" ಅಂತಲೂ ಬರಬಹುದು.

ಈ "ಇಲ್ಲ" ಬರುವ ಸಾಧ್ಯತೆಯೇ ಇಡೀ ಸಂಶೋಧನೆಯ ಜೀವ. "ಗ್ರಾಹಕರ ತೃಪ್ತಿಯಿಂದ ಬ್ಯಾಂಕಿನ ಮೇಲೆ ವಿಶ್ವಾಸ ಹೆಚ್ಚುತ್ತದೆಯೇ?" ಅಂತ ಕೇಳಿದರೆ ಹೌದು ಅಂತಲೇ ಬರುತ್ತದೆ. ಅದಕ್ಕೆ ಆರು ವರ್ಷ ಯಾಕೆ ಬೇಕು? ಮುಂದೆ ಬರುವ ಎಲ್ಲ ಕೌಶಲಗಳೂ, ಹುಡುಕುವುದು, ಅಳೆಯುವುದು, ಲೆಕ್ಕ ಹಾಕುವುದು, ನಮಗೆ ಇಷ್ಟವಾದ ಉತ್ತರ ತಪ್ಪಾಗಿದ್ದರೆ ಅದು ತಪ್ಪು ಅಂತ ಕಾಣುವ ಹಾಗೆ ಮಾಡಿಕೊಳ್ಳುವ ಏರ್ಪಾಡು.

ಹಿಂದಿನವರು ಬರೆದದ್ದನ್ನು ಹುಡುಕುವುದು

ಗೂಗಲ್ ಸ್ಕಾಲರ್‌ನಲ್ಲಿ "ಪಿಗ್ಮಿ ಡೆಪಾಸಿಟ್" ಅಂತ ಹಾಕಿದರೆ ಸಿಗುವುದು ಕಡಿಮೆ. ಅಷ್ಟಕ್ಕೇ "ಈ ವಿಷಯದ ಮೇಲೆ ಯಾರೂ ಅಧ್ಯಯನ ಮಾಡಿಲ್ಲ" ಅಂತ ಸಂಶೋಧನೆಯ ಮೊದಲ ರೂಪುರೇಷೆಯಾದ ಸಿನಾಪ್ಸಿಸ್‌ನಲ್ಲಿ ಬರೆದುಬಿಡುತ್ತಾರೆ. ಆದರೆ ಪಿಗ್ಮಿ ಅನ್ನುವುದು ನಮ್ಮ ಊರಿನ ಹೆಸರು. ವಿಷಯ ಜಗತ್ತಿನದ್ದು. ಘಾನಾದಲ್ಲಿ ಸುಸು ಸಂಗ್ರಾಹಕರು ಅಂತ ಇದ್ದಾರೆ. ಮಾರುಕಟ್ಟೆಯಲ್ಲಿ ದಿನಾ ತಿರುಗಿ ಹಣ ಸಂಗ್ರಹಿಸಿ, ತಿಂಗಳ ಕೊನೆಗೆ ಒಂದು ದಿನದ ಕಂತನ್ನು ತಮ್ಮ ಕೂಲಿಯಾಗಿ ಇಟ್ಟುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ಫಿಲಿಪೀನ್ಸ್‌ನ ಒಂದು ಬ್ಯಾಂಕಿನಲ್ಲಿ, ಗ್ರಾಹಕರು ತಾವೇ ಒಪ್ಪಿ ತಮ್ಮ ಹಣಕ್ಕೆ ಬೀಗ ಹಾಕಿಕೊಳ್ಳುವ ಖಾತೆಯನ್ನು ಪ್ರಯೋಗ ಮಾಡಿ ನೋಡಿದ್ದರು. ಆ ಖಾತೆ ಸಿಕ್ಕವರ ಉಳಿತಾಯ ಏರಿತು ಅಂತ 2006ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. "ಡೆಪಾಸಿಟ್ ಕಲೆಕ್ಟರ್", "ಕಮಿಟ್‌ಮೆಂಟ್ ಸೇವಿಂಗ್ಸ್" ಅಂತ ಹುಡುಕಿದರೆ ಇಂಥದ್ದೆಲ್ಲ ಸಿಗುತ್ತದೆ. ನಮ್ಮ ವಸ್ತುವಿಗೆ ಬೇರೆಯವರು ಏನು ಹೆಸರು ಇಟ್ಟಿದ್ದಾರೆ ಅಂತ ಪತ್ತೆ ಹಚ್ಚುವುದೇ ಅರ್ಧ ಕೆಲಸ.

ಒಂದು ಒಳ್ಳೆಯ ಪ್ರಬಂಧ ಸಿಕ್ಕಿತು ಅಂದುಕೊಳ್ಳಿ. ಅದರ ಕೊನೆಯ ಪಟ್ಟಿ ನೋಡಿದರೆ ಅದಕ್ಕಿಂತ ಹಿಂದಿನವು ಸಿಗುತ್ತವೆ. ಗೂಗಲ್ ಸ್ಕಾಲರ್‌ನಲ್ಲಿ ಅದನ್ನು ಯಾರು ಉಲ್ಲೇಖಿಸಿದ್ದಾರೆ ಅಂತ ನೋಡಿದರೆ ನಂತರದವು ಸಿಗುತ್ತವೆ. ಭಾರತದ ಪಿಎಚ್‌ಡಿ ಮಹಾಪ್ರಬಂಧಗಳಿಗೆ, ಅಂದರೆ ಥೀಸಿಸ್‌ಗಳಿಗೆ ಶೋಧಗಂಗಾ ಅನ್ನುವ ಜಾಲತಾಣ ಉಂಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅದನ್ನು ನಡೆಸುತ್ತದೆ, ಓದಲಿಕ್ಕೆ ದುಡ್ಡಿಲ್ಲ. 2025ರಿಂದ "ಒಂದು ದೇಶ ಒಂದು ಚಂದಾ" ಯೋಜನೆಯೂ ಬಂದಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಸಂಸ್ಥೆಗಳಿಗೆ ಇದರಿಂದ ಸಿಗುತ್ತವೆ. ಖಾಸಗಿ ಕಾಲೇಜಿನಲ್ಲಿದ್ದರೆ ನಿಮ್ಮ ಲೈಬ್ರರಿಗೆ ಏನೇನು ಇದೆ ಅಂತ ಲೈಬ್ರೇರಿಯನ್ ಹತ್ತಿರ ಕೇಳಿ. ಅವರನ್ನು ಕೇಳುವವರೇ ಕಡಿಮೆ.

ಓದಿದ್ದನ್ನು ಇಟ್ಟುಕೊಳ್ಳುವುದು ಇನ್ನೊಂದು ಕೌಶಲ. ಝೋಟೆರೋ ಅನ್ನುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮೊದಲ ದಿನದಿಂದಲೇ ಅದರಲ್ಲಿ ಹಾಕುತ್ತಾ ಹೋದರೆ ಕೊನೆಗೆ ಪಟ್ಟಿ ಮಾಡುವ ತಲೆನೋವು ಇಲ್ಲ. ಪ್ರತಿ ಪ್ರಬಂಧಕ್ಕೂ ನಾಲ್ಕು ಸಾಲು ನಿಮ್ಮದೇ ಮಾತಿನಲ್ಲಿ ಬರೆದಿಡಿ: ಏನು ಕೇಳಿದರು, ಯಾರನ್ನು ಕೇಳಿದರು, ಏನು ಸಿಕ್ಕಿತು, ಎಲ್ಲಿ ಸಂಶಯ. "ಇಂಥವರು ಹೀಗೆ ಹೇಳಿದರು, ಅಂಥವರು ಹಾಗೆ ಹೇಳಿದರು" ಅಂತ ಸಾಲಾಗಿ ಪೋಣಿಸುವುದು ಸಾಹಿತ್ಯ ವಿಮರ್ಶೆ ಅಲ್ಲ. ಅವರಿಬ್ಬರೂ ಎಲ್ಲಿ ಜಗಳವಾಡುತ್ತಾರೆ ಅಂತ ತೋರಿಸಬೇಕು. ನಿಮ್ಮ ಪ್ರಶ್ನೆ ಆ ಜಗಳದಿಂದ ಹುಟ್ಟಬೇಕು.

ಥಿಯರಿ ಯಾಕೆ ಬೇಕು?

ಥಿಯರಿ ಅಂದರೆ ಹೆದರಬೇಕಾಗಿಲ್ಲ. "ಹೀಗೆ ಯಾಕೆ ಆಗುತ್ತದೆ" ಅನ್ನುವುದಕ್ಕೆ ಒಂದು ವಿವರಣೆ, ಅಷ್ಟೆ. ಪಿಗ್ಮಿಗೆ ಎರಡು ವಿವರಣೆ ಯೋಚಿಸಬಹುದು.

ಒಂದು: ಪಿಗ್ಮಿ ನಡೆಯುವುದು ಗಲ್ಲಾದಲ್ಲಿ ನೋಟು ಇರುವುದರಿಂದ. ಸಂಜೆ ಏಜೆಂಟ್ ಬಂದಾಗ ಕೈಗೆ ಸಿಕ್ಕ ನೋಟು ತೆಗೆದು ಕೊಡುತ್ತಾರೆ. ಹಣವೆಲ್ಲ ನೇರ ಬ್ಯಾಂಕ್ ಖಾತೆಗೆ ಹೋದರೆ ಗಲ್ಲಾ ಖಾಲಿ, ಪಿಗ್ಮಿಯೂ ಇಳಿಯುತ್ತದೆ. ಎರಡು: ಪಿಗ್ಮಿ ನಡೆಯುವುದು ಏಜೆಂಟ್ ದಿನಾ ಬರುವುದರಿಂದ. ಎದುರಿಗೆ ಬಂದು ನಿಂತ ಪರಿಚಯದವರಿಗೆ "ಇವತ್ತು ಬೇಡ" ಅನ್ನಲು ಸಂಕೋಚ. ಈ ಸಂಕೋಚವೇ ಉಳಿತಾಯ ಮಾಡಿಸುತ್ತದೆ. ಹಾಗಿದ್ದರೆ ಯುಪಿಐ ಬಂದರೂ ಪಿಗ್ಮಿ ಇಳಿಯಬಾರದು. ಅಂಗಡಿಯವರು ಏಜೆಂಟರಿಗೇ ಯುಪಿಐ ಮಾಡಿಬಿಡುತ್ತಾರೆ.

ನೋಡಿ, ಎರಡೂ ವಿವರಣೆ ಬೇರೆ ಬೇರೆ ಭವಿಷ್ಯ ಹೇಳುತ್ತವೆ. ಇವುಗಳಿಂದ ಹುಟ್ಟುವ, ಪರೀಕ್ಷಿಸಬಹುದಾದ ಹೇಳಿಕೆಗೇ ಹೈಪಾಥಿಸಿಸ್ ಅನ್ನುವುದು. ಅಳೆಯಬಹುದಾದ ಒಂದೊಂದು ಸಂಗತಿಯೂ ವೇರಿಯಬಲ್: ಯುಪಿಐ ಪಾಲು, ಪಿಗ್ಮಿ ಮೊತ್ತ, ಏಜೆಂಟ್ ವಾರಕ್ಕೆ ಎಷ್ಟು ಸಲ ಬರುತ್ತಾರೆ. ಯುಪಿಐಯಿಂದ ಗಲ್ಲಾದ ನೋಟು ಕಡಿಮೆಯಾಗಿ, ಅದರಿಂದ ಪಿಗ್ಮಿ ಇಳಿದರೆ ಗಲ್ಲಾದ ನೋಟು ಮೀಡಿಯೇಟರ್, ಅಂದರೆ ಮಧ್ಯದ ಕೊಂಡಿ. ಏಜೆಂಟ್ ದಿನಾ ಬರುವ ಕಡೆ ಇಳಿಕೆ ಕಡಿಮೆ, ಅಪರೂಪಕ್ಕೆ ಬರುವ ಕಡೆ ಜಾಸ್ತಿ ಅಂತಾದರೆ ಏಜೆಂಟ್ ಭೇಟಿ ಮಾಡರೇಟರ್, ಅಂದರೆ ಪರಿಣಾಮವನ್ನು ಏರಿಳಿಸುವ ಸಂಗತಿ. ಈ ಎರಡು ಶಬ್ದ ಪಿಎಚ್‌ಡಿಯಲ್ಲಿ ದಿನಾ ಕಿವಿಗೆ ಬೀಳುತ್ತವೆ.

ಪಾವತಿ ತಂತ್ರಜ್ಞಾನ ಅಂದಕೂಡಲೇ 1989ರ ತಂತ್ರಜ್ಞಾನ ಸ್ವೀಕಾರ ಮಾದರಿಯನ್ನು ತಂದು ಅಂಟಿಸುವುದು ಒಂದು ಅಭ್ಯಾಸವೇ ಆಗಿದೆ. ಉಪಯೋಗ ಇದೆ ಅನ್ನಿಸಿದರೆ, ಸುಲಭ ಅನ್ನಿಸಿದರೆ ಜನ ಹೊಸ ತಂತ್ರಜ್ಞಾನ ಬಳಸುತ್ತಾರೆ ಅನ್ನುತ್ತದೆ ಅದು. ಒಳ್ಳೆಯ ಮಾದರಿಯೇ. ಆದರೆ ಜನ ಕ್ಯೂಆರ್ ಕೋಡ್ ಯಾಕೆ ಹಾಕಿಸಿಕೊಂಡರು ಅಂತ ಅದು ಹೇಳೀತೇ ಹೊರತು, ಹಾಕಿಸಿಕೊಂಡ ಮೇಲೆ ಉಳಿತಾಯಕ್ಕೆ ಏನಾಯಿತು ಅಂತ ಹೇಳುವುದಿಲ್ಲ. ಪ್ರಶ್ನೆಗೆ ತಕ್ಕ ಥಿಯರಿ ಬೇಕು, ಮಾರ್ಗದರ್ಶನ ಮಾಡುವ ಗೈಡ್‌ಗೆ ಗೊತ್ತಿರುವ ಥಿಯರಿ ಅಲ್ಲ.

ಯಾರನ್ನು ಕೇಳುವುದು? 384ರ ಕಥೆ

ಮ್ಯಾನೇಜ್‌ಮೆಂಟ್ ಥೀಸಿಸ್‌ಗಳಲ್ಲಿ 384 ಅನ್ನುವ ಸಂಖ್ಯೆ ಮತ್ತೆ ಮತ್ತೆ ಸಿಗುತ್ತದೆ. ಇದು ಎಲ್ಲಿಂದ ಬಂತು? ದೊಡ್ಡ ಜನಸಂಖ್ಯೆಯಲ್ಲಿ ಒಂದು ಶೇಕಡಾವಾರನ್ನು, 95% ಭರವಸೆಯಲ್ಲಿ, 5% ಆಚೆ ಈಚೆಯೊಳಗೆ ಅಂದಾಜು ಮಾಡಲು ಬೇಕಾದ ಸ್ಯಾಂಪಲ್, ಅಂದರೆ ಕೇಳಬೇಕಾದ ಜನರ ಸಂಖ್ಯೆ ಅದು. 1.96ರ ವರ್ಗವನ್ನು 0.25ರಿಂದ ಗುಣಿಸಿ 0.0025ರಿಂದ ಭಾಗಿಸಿದರೆ 384 ಬರುತ್ತದೆ. 1970ರಲ್ಲಿ ಪ್ರಕಟವಾದ ಕ್ರೆಜ್ಸಿ ಮತ್ತು ಮೋರ್ಗನ್ ಅವರ ಕೋಷ್ಟಕದಲ್ಲೂ ಹತ್ತು ಲಕ್ಷ ಜನಸಂಖ್ಯೆಗೆ 384 ಅಂತಲೇ ಇದೆ. ಜನಸಂಖ್ಯೆ ಸಣ್ಣದಾದರೆ ಯಮಾನೆ ಸೂತ್ರ ಹಾಕುತ್ತಾರೆ. 1,200 ಅಂಗಡಿ ಇವೆ ಅಂದುಕೊಳ್ಳಿ. 1,200ಕ್ಕೆ 0.0025 ಗುಣಿಸಿದರೆ 3, ಅದಕ್ಕೆ 1 ಕೂಡಿದರೆ 4. 1,200ನ್ನು 4ರಿಂದ ಭಾಗಿಸಿದರೆ 300. ಮುಗಿಯಿತು.

ಲೆಕ್ಕ ಸರಿ. ಆದರೆ ಇದಕ್ಕೊಂದು ಷರತ್ತು ಉಂಟು. ಪ್ರತಿ ಅಂಗಡಿಗೂ ಆಯ್ಕೆಯಾಗುವ ಅವಕಾಶ ಸಮನಾಗಿರಬೇಕು. ಗೂಗಲ್ ಫಾರಂ ಮಾಡಿ ವಾಟ್ಸ್ಆ್ಯಪ್ ಗ್ರೂಪುಗಳಿಗೆ ಕಳಿಸಿ 384 ಉತ್ತರ ಬರುವವರೆಗೆ ಕಾದರೆ ಈ ಷರತ್ತು ಅಲ್ಲಿಗೇ ಮುರಿಯಿತು. ಫಾರಂ ತುಂಬುವವರು ಯಾರು? ಫೋನ್ ಚೆನ್ನಾಗಿ ಬಳಸುವವರು, ಅಂದರೆ ಯುಪಿಐ ಜಾಸ್ತಿ ಬಳಸುವವರು. ಫೋನನ್ನು ಮಗನ ಕೈಗೆ ಕೊಡುವ ಹಿರಿಯ ಅಂಗಡಿಯವರು ಪಟ್ಟಿಯಲ್ಲೇ ಇಲ್ಲ. ದೊಡ್ಡ ಕಣ್ಣಿನ ಬಲೆ ಬೀಸಿ, ಬಂಗುಡೆ ಮಾತ್ರ ಸಿಕ್ಕಿತು ಅಂತ ಕಡಲಲ್ಲಿ ಅದಕ್ಕಿಂತ ಸಣ್ಣ ಮೀನಾದ ಬೂತಾಯಿಯೇ ಇಲ್ಲ ಎಂದ ಹಾಗೆ. ಅಂಥ ಬಲೆಯನ್ನು ಎಷ್ಟು ಸಲ ಬೀಸಿದರೂ ಬೂತಾಯಿ ಸಿಗುವುದಿಲ್ಲ. 384ರ ಬದಲು 3,840 ಆದರೂ ಅಷ್ಟೆ.

ಹಾಗಾದರೆ ಏನು ಮಾಡಬೇಕು? ಉಡುಪಿಯ ರಥಬೀದಿಯ ಸುತ್ತ, ಮಲ್ಪೆ ಬಂದರಿನ ಹತ್ತಿರ, ಮಣಿಪಾಲದಲ್ಲಿ ಹೀಗೆ ಬೇರೆ ಬೇರೆ ಬಗೆಯ ಬೀದಿಗಳನ್ನು ಮೊದಲು ಆರಿಸಿಕೊಳ್ಳಬಹುದು. ಕಾಲ್ನಡಿಗೆಯಲ್ಲಿ ಹೋಗಿ ಪ್ರತಿ ಅಂಗಡಿಯನ್ನೂ ಪಟ್ಟಿ ಮಾಡಬೇಕು. ಆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಬೇಕು. ಬೇಡ ಅಂದವರು ಎಷ್ಟು ಜನ ಅನ್ನುವುದನ್ನೂ ಬರೆದಿಡಬೇಕು. ಕಷ್ಟವೇ, ಬಿಸಿಲೂ ಉಂಟು. ಆದರೆ ಪರೀಕ್ಷಕರು ಮೊದಲು ಕೈಯಿಡುವುದೇ ಇಲ್ಲಿ.

ಸಮಯದ ಲೆಕ್ಕವೂ ಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಮಲ್ಪೆಯಲ್ಲಿ ದೋಣಿಗಳು ಕಟ್ಟಿ ನಿಂತಿರುತ್ತವೆ. ಆಗ ಬಂದರಿನ ಅಂಗಡಿಯವರ ಪಿಗ್ಮಿ ಅಳೆದು "ಯುಪಿಐಯಿಂದ ಉಳಿತಾಯ ಇಳಿಯಿತು" ಅಂದರೆ ನಗುತ್ತಾರೆ.

ಪ್ರಶ್ನಾವಳಿ: ಕೇಳುವುದೂ ಒಂದು ಕಲೆ

ಒಂದು ಕಚ್ಚಾ ಪ್ರಶ್ನಾವಳಿಯಿಂದ ಮೂರು ಪ್ರಶ್ನೆ ತೆಗೆದುಕೊಳ್ಳೋಣ.

"ಯುಪಿಐ ಸುಲಭ ಮತ್ತು ಸುರಕ್ಷಿತ ಎಂದು ಒಪ್ಪುತ್ತೀರಾ?" ಸುಲಭ, ಆದರೆ ಸುರಕ್ಷಿತ ಅಲ್ಲ ಅನ್ನುವವರು ಎಲ್ಲಿ ಟಿಕ್ ಹಾಕಬೇಕು? ಇದನ್ನು ಎರಡು ಪ್ರಶ್ನೆ ಮಾಡಬೇಕು.

"ದಿನಾ ಉಳಿತಾಯ ಮಾಡುವುದು ಒಳ್ಳೆಯ ಅಭ್ಯಾಸ, ಅಲ್ವಾ?" ಇದಕ್ಕೆ ಅಲ್ಲ ಅನ್ನುವವರು ಯಾರು? ಉತ್ತರವನ್ನು ನಾವೇ ಬಾಯಿಗೆ ಹಾಕಿದ ಹಾಗಾಯಿತು. ಇದು ಬೇಡವೇ ಬೇಡ.

"ತಿಂಗಳಿಗೆ ನಿಮ್ಮ ಉಳಿತಾಯ ಎಷ್ಟು?" ಸರಿಯಾದ ಪ್ರಶ್ನೆಯ ಹಾಗೆ ಕಾಣುತ್ತದೆ. ಆದರೆ ಅಪರಿಚಿತರು ಬಂದು ಹೀಗೆ ಕೇಳಿದರೆ ಅಂಗಡಿಯವರಿಗೆ ಮೊದಲು ನೆನಪಾಗುವುದು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್. ಬಾಯಿಗೆ ಬಂದ ಒಂದು ಸಂಖ್ಯೆ ಹೇಳಿ ಕಳಿಸುತ್ತಾರೆ. ಬದಲಿಗೆ "ನಿನ್ನೆ ಏಜೆಂಟ್ ಬಂದಿದ್ದರಾ? ಎಷ್ಟು ಕೊಟ್ಟಿರಿ?" ಅಂತ ಕೇಳಿ. ನಿನ್ನೆಯದ್ದು ನೆನಪಿರುತ್ತದೆ, ಹೇಳಲು ಅಷ್ಟು ಹೆದರಿಕೆಯೂ ಇಲ್ಲ. ಪಾಸ್‌ಬುಕ್ ತೋರಿಸಿದರೆ ಇನ್ನೂ ಒಳ್ಳೆಯದು.

"ಪೂರ್ಣ ಒಪ್ಪುತ್ತೇನೆ" ಇಂದ "ಸ್ವಲ್ಪವೂ ಒಪ್ಪುವುದಿಲ್ಲ" ತನಕ ಐದು ಮೆಟ್ಟಿಲಿನ ಉತ್ತರಗಳಿಗೆ ಲೈಕರ್ಟ್ ಮಾಪಕ ಅನ್ನುತ್ತಾರೆ. 1932ರಿಂದ ಬಳಕೆಯಲ್ಲಿದೆ. ಮನೋಭಾವ ಅಳೆಯಲು ಇದು ಸರಿ. ಆದರೆ ರೂಪಾಯಿಯಲ್ಲಿ ಅಳೆಯಬಹುದಾದದ್ದನ್ನೂ ಇದರಲ್ಲೇ ಅಳೆಯುವುದು ಸುಮ್ನೆ ಸೋಮಾರಿತನ.

ನಮ್ಮಲ್ಲಿ ಇನ್ನೊಂದು ತೊಡಕು. ಪ್ರಶ್ನಾವಳಿ ಇಂಗ್ಲಿಷ್‌ನಲ್ಲಿ ಹುಟ್ಟುತ್ತದೆ, ಕನ್ನಡದಲ್ಲಿ ಅಚ್ಚಾಗುತ್ತದೆ, ಅಂಗಡಿಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿಯಲ್ಲಿ ಕೇಳಲಾಗುತ್ತದೆ. ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ ಕೇಳಿದರೆ ಪ್ರತಿ ಸಲವೂ ಬೇರೆ ಪ್ರಶ್ನೆ ಕೇಳಿದ ಹಾಗೆ. ಅದಕ್ಕೇ ತುಳು ರೂಪವನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು. ಮೂಲ ನೋಡದ ಇನ್ನೊಬ್ಬರಿಂದ ಅದನ್ನು ಇಂಗ್ಲಿಷ್‌ಗೆ ವಾಪಸ್ ಮಾಡಿಸಿ ಹೊಂದುತ್ತದಾ ನೋಡಬೇಕು. ಆಮೇಲೆ ಕೆಲವು ಅಂಗಡಿಗಳಲ್ಲಿ ಪೈಲಟ್ ಮಾಡಬೇಕು, ಅಂದರೆ ಮೊದಲು ಕೇಳಿ ಪರೀಕ್ಷಿಸಿ ನೋಡಬೇಕು.

ಒಂದೇ ಗುಣವನ್ನು ಅಳೆಯುವ ನಾಲ್ಕೈದು ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡಲು ಕ್ರೋನ್‌ಬಾಕ್ ಆಲ್ಫಾ ಬಳಸುತ್ತಾರೆ. 1951ರ ಅಳತೆ ಅದು. 0.7 ದಾಟಿದರೆ ಪಾಸ್ ಅನ್ನುವುದು ರೂಢಿ. ಆದರೆ ಆಲ್ಫಾ 0.95 ದಾಟಿದರೆ ಖುಷಿಪಡುವ ಮೊದಲು ಪ್ರಶ್ನೆಗಳನ್ನು ಇನ್ನೊಮ್ಮೆ ಓದಿ. ಒಂದೇ ಪ್ರಶ್ನೆಯನ್ನು ನಾಲ್ಕು ಸಲ ತಿರುಚಿ ಕೇಳಿರುವ ಸಾಧ್ಯತೆ ಉಂಟು.

ಸಂಖ್ಯೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ

ಪಿ ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದರೆ ಹಬ್ಬ. ಅದರ ಅರ್ಥ ಇಷ್ಟೇ: ನಿಜಕ್ಕೂ ಸಂಬಂಧವೇ ಇಲ್ಲದಿದ್ದರೂ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ 5%ಗಿಂತ ಕಡಿಮೆ. ಸಂಬಂಧ ದೊಡ್ಡದು ಅಂತಲೂ ಅಲ್ಲ, ಹೈಪಾಥಿಸಿಸ್ 95% ಸತ್ಯ ಅಂತಲೂ ಅಲ್ಲ. ಈ ಗೊಂದಲ ಎಷ್ಟು ಜಾಸ್ತಿಯಾಯಿತೆಂದರೆ 2016ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ ಇದರ ಬಗ್ಗೆ ಹೇಳಿಕೆ ಹೊರಡಿಸಬೇಕಾಯಿತು.

ಒಂದು ಲೆಕ್ಕ ನೋಡಿ. 400 ಅಂಗಡಿಗಳಲ್ಲಿ ಯುಪಿಐ ಪಾಲಿಗೂ ಪಿಗ್ಮಿ ಮೊತ್ತಕ್ಕೂ ಕೋರಿಲೇಶನ್, ಅಂದರೆ ಎರಡೂ ಎಷ್ಟರಮಟ್ಟಿಗೆ ಜೊತೆಯಾಗಿ ಏರಿಳಿಯುತ್ತವೆ ಅನ್ನುವ ಅಳತೆ, ಮೈನಸ್ 0.10 ಬಂತು ಅಂದುಕೊಳ್ಳಿ. ಪಿ ವ್ಯಾಲ್ಯೂ ಸುಮಾರು 0.046. ಅಂದರೆ "ಸಿಗ್ನಿಫಿಕೆಂಟ್". ಆದರೆ 0.10ರ ವರ್ಗ 0.01. ಪಿಗ್ಮಿಯ ಏರಿಳಿತದಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಯುಪಿಐ ಜೊತೆ ಹೋಗುತ್ತಿದೆ. ಉಳಿದ 99 ಪಾಲಿಗೆ ಬೇರೆ ಕಾರಣ. ಸ್ಯಾಂಪಲ್ ದೊಡ್ಡದಾದಷ್ಟೂ ಇಂಥ ಸಣ್ಣ ಸಂಬಂಧಗಳೂ "ಸಿಗ್ನಿಫಿಕೆಂಟ್" ಆಗುತ್ತವೆ. ಹಾಗಾಗಿ ಪಿ ವ್ಯಾಲ್ಯೂ ಜೊತೆ ಪರಿಣಾಮ ಎಷ್ಟು ದೊಡ್ಡದು ಅಂತಲೂ ಹೇಳಲೇಬೇಕು.

ಇನ್ನೊಂದು ಹೊಂಡ. ನಿಜವಾದ ಸಂಬಂಧ ಒಂದೂ ಇಲ್ಲದ 20 ಹೈಪಾಥಿಸಿಸ್ ಪರೀಕ್ಷಿಸಿದರೂ, ಕಡೇಪಕ್ಷ ಒಂದಾದರೂ "ಸಿಗ್ನಿಫಿಕೆಂಟ್" ಬರುವ ಸಾಧ್ಯತೆ ಸುಮಾರು 64%. ಡೇಟಾ ಬಂದ ಮೇಲೆ ಯಾವುದು ಹೊಳೆಯುತ್ತದೋ ಅದನ್ನೇ "ನಮ್ಮ ಮೊದಲಿನ ಹೈಪಾಥಿಸಿಸ್" ಅಂತ ಬರೆದರೆ ಅದು ಸುಳ್ಳೇ. ಹೈಪಾಥಿಸಿಸ್‌ಗಳನ್ನು ಮೊದಲೇ ಬರೆದು ತಾರೀಕು ಹಾಕಿ ಗೈಡ್‌ಗೆ ಮೇಲ್ ಮಾಡಿಟ್ಟರೆ ನಮ್ಮ ಮನಸ್ಸನ್ನು ನಾವೇ ಹಿಡಿದಿಟ್ಟ ಹಾಗೆ.

ತಂತ್ರಾಂಶದ ಚಿಂತೆ ಬೇಡ. ಎಸ್‌ಪಿಎಸ್‌ಎಸ್ ದುಬಾರಿ, ಆದರೆ ಆರ್, ಜಮೋವಿ, ಜ್ಯಾಸ್ಪ್ ಉಚಿತ. ಡೇಟಾವನ್ನು ಯಾರಿಗೋ ಕೊಟ್ಟು "ಅನಾಲಿಸಿಸ್ ಮಾಡಿಸುವ" ಪದ್ಧತಿ ಇದೆ. ಕೊನೆಯ ಮೌಖಿಕ ಪರೀಕ್ಷೆಯಾದ ವೈವಾದಲ್ಲಿ ಆ ಯಾರೋ ಪಕ್ಕದಲ್ಲಿ ಇರುವುದಿಲ್ಲ.

ಜೊತೆಯಲ್ಲಿ ಆದದ್ದೆಲ್ಲ ಕಾರಣ ಅಲ್ಲ

ನಮ್ಮ ಜಿಲ್ಲೆಗಳು ಬ್ಯಾಂಕುಗಳ ತವರು. ಹಾಗಾಗಿ ವಿಲೀನದ ಮೇಲೆ ಪಿಎಚ್‌ಡಿ ಮಾಡುವ ಆಸೆ ಸಹಜ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, 1906ರಲ್ಲಿ ಉಡುಪಿಯಲ್ಲಿ ಶುರುವಾದ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು.

ಸುಲಭದ ವಿನ್ಯಾಸ ಹೀಗಿರುತ್ತದೆ: ವಿಲೀನದ ಮೊದಲಿನ ಎರಡು ವರ್ಷ, ನಂತರದ ಎರಡು ವರ್ಷ, ಠೇವಣಿಯನ್ನೂ ಶಾಖೆಗೆ ಬರುವ ಗ್ರಾಹಕರ ಸಂಖ್ಯೆಯನ್ನೂ ಹೋಲಿಸು. ಆದರೆ ಕ್ಯಾಲೆಂಡರ್ ನೋಡಿ. ದೇಶದಲ್ಲಿ ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25ಕ್ಕೆ. ವಿಲೀನಕ್ಕೂ ಅದಕ್ಕೂ ಒಂದು ವಾರದ ಅಂತರ. ಶಾಖೆಗೆ ಜನ ಬರುವುದು ಕಡಿಮೆಯಾದರೆ ಅದು ವಿಲೀನದಿಂದಲೋ ಕೊರೊನಾದಿಂದಲೋ? ಬರೀ ಮೊದಲು–ನಂತರದ ಹೋಲಿಕೆಯಿಂದ ಹೇಳಲು ಸಾಧ್ಯವೇ ಇಲ್ಲ.

ಇಲ್ಲಿ ಹೋಲಿಕೆಯ ಗುಂಪು ಬೇಕಾಗುತ್ತದೆ. 1924ರಲ್ಲಿ ಮಂಗಳೂರಿನಲ್ಲಿ ಶುರುವಾದ ಕರ್ಣಾಟಕ ಬ್ಯಾಂಕ್ ಆಗ ಯಾರ ಜೊತೆಗೂ ಸೇರಲಿಲ್ಲ, ಆದರೆ ಲಾಕ್‌ಡೌನ್ ಅದಕ್ಕೂ ಇತ್ತು. ವಿಲೀನವಾದ ಶಾಖೆಗಳಲ್ಲಿ ಆದ ಬದಲಾವಣೆಯಿಂದ ವಿಲೀನವಾಗದ ಶಾಖೆಗಳಲ್ಲಿ ಆದ ಬದಲಾವಣೆಯನ್ನು ಕಳೆದರೆ ಉಳಿಯುವುದು ವಿಲೀನದ ಪಾಲು ಅಂತ ಅಂದಾಜು ಮಾಡಬಹುದು. ವಿಲೀನ ಆಗದಿದ್ದರೆ ಎರಡೂ ಕಡೆ ಒಂದೇ ಹಾದಿಯಲ್ಲಿ ಹೋಗುತ್ತಿದ್ದವು ಅನ್ನುವುದಕ್ಕೆ ಮಾತ್ರ ಹಿಂದಿನ ವರ್ಷಗಳ ಅಂಕಿ ತೋರಿಸಬೇಕು. ಒಂದು ಸರ್ಕಾರಿ ಬ್ಯಾಂಕ್, ಇನ್ನೊಂದು ಖಾಸಗಿ, ಹಾಗಾಗಿ ಇಲ್ಲೂ ವಾದ ಏಳುತ್ತದೆ. ವಿಜಯಾ ಬ್ಯಾಂಕಿನ ವಿಲೀನ ಕೊರೊನಾಕ್ಕಿಂತ ಒಂದು ವರ್ಷ ಮೊದಲೇ ಆದದ್ದರಿಂದ ಆ ಮೊದಲ ವರ್ಷದ ಅಂಕಿಗಳು ಹೆಚ್ಚು ಶುದ್ಧ. ಇಂಥ ಅವಕಾಶವನ್ನು ಗುರುತಿಸುವ ಕಣ್ಣು ಯಾವ ತಂತ್ರಾಂಶದಲ್ಲೂ ಸಿಗುವುದಿಲ್ಲ.

ಎಲ್ಲದಕ್ಕೂ ಸಂಖ್ಯೆ ಬೇಕಾಗಿಲ್ಲ

ಏಜೆಂಟ್ ಎದುರು ನಿಂತಾಗ ಆಗುವ ಸಂಕೋಚವನ್ನು ಐದು ಮೆಟ್ಟಿಲಿನಲ್ಲಿ ಅಳೆಯುವುದು ಕಷ್ಟ. ಅದಕ್ಕೆ ಕೂತು ಮಾತಾಡಬೇಕು, ಏಜೆಂಟರ ಜೊತೆ ಒಂದೆರಡು ಮಧ್ಯಾಹ್ನ ತಿರುಗಬೇಕು. ಯಾವ ಅಂಗಡಿಯಲ್ಲಿ ಕೇಳುವ ಮೊದಲೇ ಹಣ ತೆಗೆದಿಟ್ಟಿರುತ್ತಾರೆ, ಎಲ್ಲಿ "ನಾಳೆ ಬನ್ನಿ" ಅನ್ನುತ್ತಾರೆ ಅಂತ ಬರೆದುಕೊಳ್ಳಬೇಕು. ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಬರಹಕ್ಕೆ ಇಳಿಸಿ, ಸಾಲುಸಾಲಾಗಿ ಓದಿ ಗುರುತು ಹಾಕುತ್ತಾ ಹೋದರೆ ಮತ್ತೆ ಮತ್ತೆ ಬರುವ ಸಂಗತಿಗಳು ಎದ್ದು ಕಾಣುತ್ತವೆ. ಹೊಸ ಸಂದರ್ಶನದಲ್ಲಿ ಹೊಸದೇನೂ ಸಿಗದ ಹಂತ ಬಂದರೆ ನಿಲ್ಲಿಸಬಹುದು. ಇದು ಗುಣಾತ್ಮಕ ವಿಧಾನ. ಸುಲಭ ಅಂತ ಇದನ್ನು ಆರಿಸಿಕೊಂಡವರು ಬೇಗ ಸುಸ್ತಾಗುತ್ತಾರೆ, ಒಂದು ಗಂಟೆಯ ಮಾತನ್ನು ಬರೆದಿಳಿಸಲು ಅರ್ಧ ದಿನ ಬೇಕು.

ಪ್ರಕಟಣೆ, ನಕಲು ಮತ್ತು ಎಐ

ಥೀಸಿಸ್ ಕೊಡುವ ಮೊದಲು ಪ್ರಬಂಧ ಪ್ರಕಟಿಸಲೇಬೇಕು ಅನ್ನುವ ಕಡ್ಡಾಯವನ್ನು ಯುಜಿಸಿಯ 2022ರ ನಿಯಮ ಕೈಬಿಟ್ಟಿದೆ. ಸಂಸ್ಥೆಗಳು ತಮ್ಮದೇ ಷರತ್ತು ಇಟ್ಟಿರಬಹುದು, ಕೇಳಿಕೊಳ್ಳಿ. ಒಳ್ಳೆಯ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತುಹೋಯಿತು. ಈಗ ಜರ್ನಲ್ ಒಳ್ಳೆಯದೋ ಕೆಟ್ಟದೋ ಅಂತ ನಾವೇ ನೋಡಬೇಕು. ಐಎಸ್‌ಎಸ್‌ಎನ್ ಇದ್ದ ಮಾತ್ರಕ್ಕೆ ಗುಣಮಟ್ಟ ಅಲ್ಲ, ಅದು ಬರೀ ಗುರುತಿನ ಸಂಖ್ಯೆ. ಮೂರೇ ದಿನದಲ್ಲಿ ಸ್ವೀಕಾರ, ಕೂಡಲೇ ದುಡ್ಡು ಕಟ್ಟಿ ಅಂತ ಮೇಲ್ ಬಂದರೆ ದೂರ ಇರಿ. ಸಂಪಾದಕ ಮಂಡಳಿಯಲ್ಲಿರುವವರು ನಿಜಕ್ಕೂ ಅಲ್ಲಿ ಇದ್ದಾರಾ ಅಂತ ಅವರವರ ವಿಶ್ವವಿದ್ಯಾಲಯದ ಪುಟದಲ್ಲಿ ನೋಡಿ.

ನಕಲಿನ ಬಗ್ಗೆ ಯುಜಿಸಿಯ 2018ರ ನಿಯಮ ಇದೆ. ಹೋಲಿಕೆ 10% ತನಕ ಇದ್ದರೆ ದಂಡನೆ ಇಲ್ಲ. 10ರಿಂದ 40% ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60% ಇದ್ದರೆ ಒಂದು ವರ್ಷ ಸಲ್ಲಿಸುವ ಹಾಗಿಲ್ಲ. 60% ಮೀರಿದರೆ ನೋಂದಣಿಯೇ ರದ್ದು. ಆದರೆ ತಂತ್ರಾಂಶ ಹಿಡಿಯುವುದು ಶಬ್ದಗಳ ಹೋಲಿಕೆಯನ್ನು ಮಾತ್ರ. ಇನ್ನೊಬ್ಬರ ಯೋಚನೆಯನ್ನು ಮಾತು ಬದಲಿಸಿ, ಹೆಸರು ಹೇಳದೆ ಬರೆದರೆ ಅಂಕಿ 4% ಬಂದರೂ ಅದು ಕಳ್ಳತನವೇ. ಚಾಟ್‌ಜಿಪಿಟಿಯಂಥ ಸಾಧನಗಳು ಇಲ್ಲದ ಪ್ರಬಂಧವನ್ನೂ ಲೇಖಕರ ಹೆಸರು, ವರ್ಷ ಸಹಿತ ಸೃಷ್ಟಿಸಿ ಕೊಡುತ್ತವೆ. ಪ್ರತಿ ಉಲ್ಲೇಖವನ್ನೂ ತೆರೆದು ಓದಿದ ಮೇಲೆಯೇ ಸೇರಿಸಬೇಕು.

ಸೇರಿದ ಮೇಲೆ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್ ಇರುತ್ತದೆ, ಅದರಲ್ಲಿ ಪ್ರಕಟಣಾ ನೈತಿಕತೆಯೂ ಒಂದು. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಎದುರು ಪ್ರಗತಿ ಹೇಳಬೇಕು. ಕೊನೆಗೆ ಇಬ್ಬರು ಹೊರಗಿನ ಪರೀಕ್ಷಕರು ಥೀಸಿಸ್ ಓದುತ್ತಾರೆ, ಇಬ್ಬರೂ ಒಪ್ಪಿದರೆ ವೈವಾ. ಆ ವೈವಾಕ್ಕೆ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು, ಉಳಿದ ವಿದ್ಯಾರ್ಥಿಗಳೂ ಹೋಗಿ ಕೂರಬಹುದು ಅಂತ ನಿಯಮದಲ್ಲೇ ಇದೆ. ಪಿಎಚ್‌ಡಿ ಮಾಡಬೇಕೋ ಬೇಡವೋ ಅಂತ ಯೋಚನೆಯಲ್ಲಿರುವವರು ಪರಿಚಯದ ಅಧ್ಯಾಪಕರ ಹತ್ತಿರ ದಿನಾಂಕ ಕೇಳಿಕೊಂಡು, ಅರ್ಜಿ ತುಂಬುವ ಮೊದಲೇ ಒಂದೆರಡು ವೈವಾ ನೋಡಿ ಬರಬಹುದು. "ಇದೇ ಸ್ಯಾಂಪಲ್ ಯಾಕೆ?", "ಈ ಫಲಿತಾಂಶಕ್ಕೆ ಬೇರೆ ಕಾರಣ ಇರಬಾರದಾ?" ಅಂತ ಪರೀಕ್ಷಕರು ಕೇಳುವಾಗ ಅಭ್ಯರ್ಥಿ ಏನು ಹೇಳುತ್ತಾರೆ ಅಂತ ಗಮನಿಸಿ.